ಎಡಗಡೆಯ ಹಿಂದಿನ ಚಕ್ರ

ತಮ್ಮ ಸತ್ತ ಸುದ್ದಿ ಗೊಂಚಿಗನಿಗೆ ತಿಳಿದದ್ದು ಮೊದಲ ಹಿಮ ಬಿದ್ದ ನಾಲ್ಕನೆಯ ದಿನ, ಬೆಳಗಿನ ಚಹಾ ಇನ್ನೂ ಒಲೆಯ ಮೇಲಿದ್ದಾಗ. ಸುದ್ದಿ ತಂದವನು ತಮ್ಮನ ಅಳಿಯ ಶರಾವ. ಮೋಟಾರ್ ಸೈಕಲ್ಲನ್ನು ಗುಡಾರದಿಂದ ದೂರದಲ್ಲೇ ನಿಲ್ಲಿಸಿ, ನಡೆದು ಬಂದು ಬಾಗಿಲ ಬಳಿ ಕುಳಿತ. ಚಹಾದ ಬಟ್ಟಲು ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದುಕೊಂಡನೇ ಹೊರತು ಕುಡಿಯಲಿಲ್ಲ.

"ದೊಡ್ಡ ಮಾವ, ಮಾವ ದೇವರಾದ್ರು," ಎಂದ.

ಗೊಂಚಿಗ ಸೌಟನ್ನು ಪಾತ್ರೆಯೊಳಗೆ ಬಿಟ್ಟ. "ಎಲ್ಲಿ?"

"ಘಾಟಿ ಇಳಿಯೋ ಕಡೆ. ಗಾಡಿ ಪಕ್ಕದಲ್ಲೇ ಕೂತಿದ್ರು. ಒಂಟೆ ಹುಡುಕ್ಕೊಂಡು ಹೋದೋನು ನೋಡಿದ್ದು. ಎದೆ ನಿಂತುಹೋಗಿದೆ ಅಂದ್ರು ಡಾಕ್ಟ್ರು." ಯಾರೂ ಕೇಳದಿದ್ದರೂ ಶರಾವ ಮತ್ತೆ ಬಾಯಿ ಬಿಟ್ಟ. "ಬ್ರೇಕು ಸರಿಯಾಗೇ ಇತ್ತು ದೊಡ್ಡ ಮಾವ. ನಾನೇ ನೋಡಿ ಕೊಟ್ಟಿದ್ದು."

ಬ್ರೇಕಿನ ಮಾತು ಯಾರು ಎತ್ತಿದ್ದರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತಲ್ಲ ಎಂದುಕೊಂಡ ಗೊಂಚಿಗ. ಅಳು ಬರುವ ಮೊದಲೇ ಅವನಿಗೆ ಅನುಮಾನ ಬಂದಿತ್ತು. ಆಮೇಲೆ ಅಳು ಬಂತು, ಹೋಯಿತು. ಅನುಮಾನ ಮಾತ್ರ ಉಳಿಯಿತು.

ಸತ್ತವರ ಹೆಸರನ್ನು ಆ ಸೀಮೆಯಲ್ಲಿ ಯಾರೂ ಎತ್ತುವುದಿಲ್ಲ. ಇಲ್ಲಿಯೂ ಅದು ಬೇಡ. ಗೊಂಚಿಗನಿಗೆ ಅವನು ತಮ್ಮ; ಅಷ್ಟು ಸಾಕು.

ಅಂದು ಮಧ್ಯಾಹ್ನ ಗೊಂಚಿಗ ಘಾಟಿಗೆ ಹೋದ. ತಮ್ಮನನ್ನು ಆಗಲೇ ಕೊಂಡೊಯ್ದಿದ್ದರು. ಗಾಡಿ ಅಲ್ಲೇ ನಿಂತಿತ್ತು. ಬಲಗಡೆ ಸ್ಟೀರಿಂಗಿನ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಳೆಯ ಜಪಾನಿ ಗಾಡಿ. ಹಿಂದೆ ಐದು ಮೂಟೆ ಕಲ್ಲಿದ್ದಲು, ಮೂರು ಮೂಟೆ ಹಿಟ್ಟು. ಎಡಗಡೆಯ ಹಿಂದಿನ ಚಕ್ರದ ಕೆಳಗೆ ಅರ್ಧ ಏರಿಸಿದ ಜಾಕ್ ಇತ್ತು. ಆ ಚಕ್ರದ ಸುತ್ತ ಮಾತ್ರ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿತ್ತು. ಚಕ್ರದ ಬಣ್ಣ ಸುಟ್ಟು ಕಂದಾಗಿತ್ತು. ಗೊಂಚಿಗ ಬಗ್ಗಿ ಮೂಸಿದ. ಆ ಚಳಿಯಲ್ಲೂ ಬೆಂದ ಬ್ರೇಕಿನ ಕಮಟು ಉಳಿದಿತ್ತು.

ಸರ್ಕಾರಿ ಡಿಪೋದಲ್ಲಿ ಮೂವತ್ತೊಂದು ವರ್ಷ ರಷ್ಯದ ಗಾಡಿ ಓಡಿಸಿದವನಿಗೆ ಇಷ್ಟು ನೋಡಿದರೆ ಸಾಕಿತ್ತು. ಬ್ರೇಕು ಹಿಡಿದುಕೊಂಡಿದೆ. ಚಕ್ರ ಕಾದಿದೆ. ಹೊಗೆ ಕಂಡು ತಮ್ಮ ಇಳಿದಿದ್ದಾನೆ, ಅರವತ್ತನಾಲ್ಕು ವರ್ಷದ ಮೈಯಲ್ಲಿ ಎಂಟು ಮೂಟೆಯ ಭಾರವನ್ನು ಒಬ್ಬನೇ ಜಾಕಿನ ಮೇಲೆ ಎತ್ತಲು ಹೋಗಿದ್ದಾನೆ. ಎದೆ ನಿಂತಿದೆ ಎಂದು ಡಾಕ್ಟರು ಬರೆದರು. ನಿಲ್ಲಿಸಿದ್ದು ಏನು ಎಂದು ಬರೆಯಲಿಲ್ಲ. ಅದೇ ಚಕ್ರಕ್ಕೆ ಹನ್ನೆರಡು ದಿನದ ಹಿಂದೆ ಹೊಸ ಬ್ರೇಕ್ ಶೂ, ಹೊಸ ಸಿಲಿಂಡರು, ಹೊಸ ರಬ್ಬರ್ ಪೈಪು ಹಾಕಿದವನು ಊರಿನಲ್ಲಿ ರಿಪೇರಿ ಶೆಡ್ಡು ಇಟ್ಟಿದ್ದ ಶರಾವ.

ಗಾಡಿಯನ್ನು ಲಾರಿಯ ಮೇಲೆ ಹೇರಿ ತಮ್ಮನ ಗುಡಾರದ ಅಂಗಳಕ್ಕೆ ತಂದರು. ಮರುದಿನವೇ ಶರಾವ ಬಂದ.

"ಗಾಡಿ ಶೆಡ್ಡಿಗೆ ತಗೊಂಡು ಹೋಗ್ತೀನಿ ದೊಡ್ಡ ಮಾವ. ಒಂದ್ಸಲ ನೋಡ್ಬೇಕು."

"ಏನು ನೋಡ್ತೀಯ?"

"ಸುಮ್ನೆ."

"ಸುಮ್ನೆ ನೋಡೋಕೆ ಇಲ್ಲೇ ಬೆಳಕಿದೆ."

ಶರಾವ ನೆಲ ನೋಡಿದ. ಗೊಂಚಿಗ ಕೀಲಿಯನ್ನು ತೆಗೆದು ನಿಲುವಂಗಿಯ ಒಳಗೆ ಸೇರಿಸಿಕೊಂಡ. ಅಂದಿನಿಂದ ಮಲಗುವಾಗಲೂ ಅದು ಅವನ ಎದೆಯ ಮೇಲೇ ಇತ್ತು.

ತಮ್ಮನ ಹುಟ್ಟಿದ ವರ್ಷ, ಹೋದ ಗಳಿಗೆ ಎಲ್ಲ ಕೇಳಿ ಶಾಸ್ತ್ರದ ಪೋಥಿ ನೋಡಿದ ಲಾಮಾ, ನಲವತ್ತೇಳು ದಿನ ಆ ಗಾಡಿಯನ್ನು ಯಾರೂ ಮುಟ್ಟಬಾರದು, ಆಮೇಲೆ ಧೂಪ ತೋರಿಸಿ ಬಳಸಬಹುದು ಎಂದ. ಹೊರಡುವಾಗ ಗೊಂಚಿಗನ ಮುಖ ನೋಡಿ ಇನ್ನೊಂದು ಮಾತು ಹೇಳಿದ. "ಹೋಗೋನ ದಾರೀಲಿ ನಾವು ಸುರಿಸೋ ಕಣ್ಣೀರೇ ಹೊಳೆ ಆಗುತ್ತೆ ಅಂತಾರೆ. ನಮ್ಮ ಕೋಪ ಏನಾಗುತ್ತೋ ನಂಗೊತ್ತಿಲ್ಲ. ಹೊಳೆಗಿಂತ ಒಳ್ಳೇದು ಆಗಿರಲಿಕ್ಕಿಲ್ಲ."

ಗೊಂಚಿಗ ತಲೆಯಾಡಿಸಿದ. ದಿನಕ್ಕೆ ಸಾವಿರ ಸಲ ಜಪಮಣಿ ಎಣಿಸಿದ. ಆದರೆ ಮಣಿ ಎಣಿಸುವ ಬೆರಳಿಗೂ ಒಳಗಿನ ಲೆಕ್ಕಕ್ಕೂ ಸಂಬಂಧವೇ ಇರಲಿಲ್ಲ. ಕೇಳದೆಯೇ ಬ್ರೇಕಿನ ಮಾತು ಯಾಕೆ ಬಂತು? ಗಾಡಿ ಒಯ್ಯಲು ಅಷ್ಟು ಆತುರ ಯಾಕೆ? ನೆಲ ಯಾಕೆ ನೋಡಿದ? ಬಂದವರ ಮುಂದೆ ಗೊಂಚಿಗ ಇದನ್ನೆಲ್ಲ ಮುಚ್ಚಿಡಲಿಲ್ಲ. ಅಂಥ ಸೀಮೆಯಲ್ಲಿ ಮಾತಿಗೆ ಕುದುರೆ ಬೇಕಾಗಿಲ್ಲ. ತಿಂಗಳೊಳಗೆ ಶರಾವನ ಶೆಡ್ಡಿನ ಮುಂದೆ ಗಾಡಿ ನಿಲ್ಲುವುದು ನಿಂತಿತು.

ಇನ್ನೂ ಒಂದು ಮಾತನ್ನು ಗೊಂಚಿಗ ಆಡಿದ್ದ. ತಮ್ಮನಿಗೆ ಗಂಡು ಮಕ್ಕಳಿಲ್ಲ. ಹೋದವನ ಜೀವ ಮರುಹುಟ್ಟಿನ ದಾರಿ ಮುಗಿಸುವ ನಲವತ್ತೊಂಬತ್ತನೆಯ ದಿನ ಮೊದಲ ದೀಪ ಹಚ್ಚಬೇಕಾದವನು ಅಳಿಯ. "ಆ ಕೈ ನನ್ನ ತಮ್ಮನ ದೀಪ ಮುಟ್ಟಕೂಡದು," ಎಂದು ಗೊಂಚಿಗ ನಾದಿನಿ, ತಮ್ಮನ ಹೆಂಡತಿ ಪಗ್ಮಾಳ ಮುಂದೆ ಹೇಳಿಬಿಟ್ಟ. ಹಾಗೆ ದೀಪ ತಪ್ಪಿಸಿದರೆ ಶರಾವ ಆ ಮನೆಯ ಅಳಿಯನಾಗಿ ಉಳಿಯುವುದಿಲ್ಲ. ಅದು ಹೇಳಿದವನಿಗೂ ಗೊತ್ತಿತ್ತು, ಕೇಳಿದವಳಿಗೂ ಗೊತ್ತಿತ್ತು.

ಪಗ್ಮಾ ಎದುರು ಮಾತಾಡುವ ಹೆಂಗಸಲ್ಲ. ಅವಳ ಮಗಳು ನೊರ್ಜಿಮಾ ಹಾಗಲ್ಲ.

"ದೊಡ್ಡಪ್ಪ, ನನ್ನ ಗಂಡ ಕೊಂದ ಅಂತೀರಾ?" ಎಂದು ಎಲ್ಲರ ಎದುರೇ ಕೇಳಿದಳು.

"ಕೊಂದ ಅನ್ನಲಿಲ್ಲ. ಕೆಲಸ ಕೆಡಿಸಿದ ಅಂದೆ."

"ನೋಡಿದ್ದೀರಾ?"

"ನೋಡ್ತೀನಿ."

"ನೋಡಿದ ಮೇಲೆ ಹೇಳಿ. ನೋಡೋಕೆ ಮುಂಚೆ ಊರಿಗೆಲ್ಲ ಹಂಚೋಕೆ ಇದೇನು ಹಬ್ಬದ ಕಡುಬಾ?"

ತಮ್ಮನ ಮಗಳೂ ಗಂಡನ ಜೊತೆ ಸೇರಿದ್ದಾಳೆಯೇ ಎಂಬ ಯೋಚನೆ ಗೊಂಚಿಗನಿಗೆ ಬಂತು, ಅದು ಬಂದದ್ದಕ್ಕೆ ತಾನೇ ನಾಚಿಕೊಂಡ.

ನಲವತ್ತೆಂಟನೆಯ ದಿನ ಬೆಳಿಗ್ಗೆ ಗೊಂಚಿಗ ಗಾಡಿಯ ಮೇಲಿನ ಕಂಬಳಿ ಎಳೆದು, ಧೂಪದ ಬಟ್ಟಲು ಹಿಡಿದು ಮೂರು ಸುತ್ತು ಬಂದ. ಶರಾವನನ್ನು ಕರೆಸಿದ್ದ. ಅವನ ಕಣ್ಣೆದುರೇ ಅವನ ತಪ್ಪನ್ನು ಹೊರಗೆಳೆಯಬೇಕೆಂಬುದು ಗೊಂಚಿಗನ ಆಸೆ.

"ಬಾರಪ್ಪ ಮೇಸ್ತ್ರಿ. ಇವತ್ತು ನೀನು ಏನೂ ಮುಟ್ಟೋ ಹಾಗಿಲ್ಲ. ಬರೀ ನೋಡ್ಬೇಕು."

"ನೋಡ್ತೀನಿ. ಶೆಡ್ಡಲ್ಲೂ ಈಗ ಅದೇ ಕೆಲಸ, ಅಭ್ಯಾಸ ಆಗಿದೆ."

"ಜೇಬಲ್ಲಿ ಏನಿದೆ?"

"ಒಣ ಮೊಸರಿನ ಎರಡು ಗಟ್ಟಿ. ಬೇಕಾದ್ರೆ ಜಪ್ತಿ ಮಾಡ್ಕೊಳ್ಳಿ. ಅತ್ತೆ ಕೊಟ್ಟಿದ್ದು, ಕಬ್ಬಿಣಕ್ಕಿಂತ ಗಟ್ಟಿ."

ನಗು ಗೊಂಚಿಗನ ಗಂಟಲವರೆಗೆ ಬಂದು ನಿಂತಿತು. ತಪ್ಪು ಮಾಡಿದವನು ಹೀಗೆ ತಮಾಷೆ ಮಾಡುತ್ತಾನೆಯೇ? ಅಥವಾ ತಪ್ಪು ಮಾಡಿದವನೇ ಹೀಗೆ ಮಾಡುತ್ತಾನೆಯೇ?

ಹೊಸ ಬ್ಯಾಟರಿ ಕೂರಿಸಿ, ಇಂಜಿನ್ನಿನ ಕೆಳಗೆ ಬೆಂಕಿ ಉಗುಳುವ ಊದುದೀಪ ಹಚ್ಚಿ, ಎಣ್ಣೆ ಸಡಿಲವಾಗುವವರೆಗೆ ಕಾದರು. ಗೊಂಚಿಗ ಓಡಿಸಿದ, ಶರಾವ ಪಕ್ಕದಲ್ಲಿ ಕುಳಿತ. ಬಾವಿಯ ದಿಬ್ಬದವರೆಗೆ ಹತ್ತು ಕಿಲೋಮೀಟರು. ಇಡೀ ದಾರಿ ಗೊಂಚಿಗ ಬ್ರೇಕಿನ ಮೇಲೆ ಕಾಲಿಡಲಿಲ್ಲ. ಕಾಲಿಟ್ಟರೆ ನಾಲ್ಕೂ ಚಕ್ರ ಬಿಸಿಯಾಗಿ ಯಾವುದು ಕಳ್ಳ ಎಂದು ತಿಳಿಯುವುದಿಲ್ಲ. ದಿಬ್ಬದ ಏರಿನಲ್ಲಿ ಎಕ್ಸಲರೇಟರಿನಿಂದ ಕಾಲು ತೆಗೆದು, ಗಾಡಿ ತಾನಾಗಿಯೇ ನಿಲ್ಲುವಂತೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟ.

ಕೈಗವಸು ತೆಗೆದು ಮುಂದಿನ ಎರಡು ಚಕ್ರದ ನಡುವಿಗೆ ಹಿಂಗೈ ತಾಗಿಸಿದ. ಕಲ್ಲಿನ ಹಾಗೆ ತಣ್ಣಗಿದ್ದವು. ಬಲಗಡೆಯ ಹಿಂದಿನದು, ಅದೂ ತಣ್ಣಗೆ. ಎಡಗಡೆಯ ಹಿಂದಿನದಕ್ಕೆ ಕೈ ತಾಗಿಸಬೇಕಾಗಲೇ ಇಲ್ಲ. ಒಂದು ಗೇಣು ದೂರದಲ್ಲೇ ಶಾಖ ಮುಟ್ಟಿತು. ಒಂದು ಹಿಡಿ ಹಿಮ ಎಸೆದ. ಅದು ಚುಂಯ್ ಎಂದು ಆವಿಯಾಯಿತು.

"ಈಗೇನಂತೀಯ?"

"ಬಿಸಿ ಇದೆ ಅಂತೀನಿ. ಯಾಕೆ ಅಂತ ಒಳಗೆ ನೋಡಿದ್ರೆ ತಾನೇ ಗೊತ್ತಾಗೋದು."

"ಒಳಗೆ ಇರೋದೆಲ್ಲ ನಿನ್ನ ಕೈ ಕೆಲಸವೇ ಅಲ್ವೇನಪ್ಪ?"

"ಹೂಂ. ಅದಕ್ಕೇ ಹೇಳ್ತಿದ್ದೀನಿ, ಒಳಗೆ ನೋಡಿ."

ಅಂಗಳಕ್ಕೆ ಮರಳಿ ಹಿಂಭಾಗವನ್ನು ಜಾಕಿನ ಮೇಲೆ ಎತ್ತಿದರು. ಬಲಗಡೆಯ ಚಕ್ರ ಒಂದು ಬೆರಳಿಗೆ ತಿರುಗಿತು. ಎಡಗಡೆಯದು ಎರಡೂ ಕೈ ಹಾಕಿ ತಳ್ಳಿದರೆ ಮುಲುಗುತ್ತ ಕಾಲು ಸುತ್ತು ಬಂದು ನಿಂತಿತು. ಗೊಂಚಿಗ ಬೋಲ್ಟು ತಿರುವುವ ಪಾನಾ ಹಿಡಿದು ಚಕ್ರದ ಹಿಂದೆ ಕುಳಿತ. ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯುವ ಚಿಕ್ಕ ನಿಪ್ಪಲ್ಲನ್ನು ಸಡಿಲಿಸಿದರೆ ಎರಡರಲ್ಲಿ ಒಂದು ತೀರ್ಮಾನವಾಗುತ್ತದೆ. ಒಳಗೆ ಎಣ್ಣೆ ಒತ್ತಿಕೊಂಡು ನಿಂತಿದ್ದರೆ ಅದು ಚಿಮ್ಮಬೇಕು, ಚಕ್ರ ಬಿಡಬೇಕು. ಹಾಗಾದರೆ ತಪ್ಪು ಸಿಲಿಂಡರಿನದು, ಇಲ್ಲವೇ ರಬ್ಬರ್ ಪೈಪಿನದು, ಅಂದರೆ ಶರಾವನದು. ಗೊಂಚಿಗ ಬಾಯಲ್ಲಿ ಮಂತ್ರ ಹೇಳುತ್ತ ಪಾನಾ ತಿರುವಿದ.

ಎಣ್ಣೆ ಚಿಮ್ಮಲಿಲ್ಲ. ಒಂದು ಹನಿ ಬಂದು ಯೋಚಿಸಿತು, ಇನ್ನೊಂದು ಬಂತು. ಚಕ್ರ ತಳ್ಳಿದ. ಅದೇ ಮುಲುಗು.

ಆಗ ಒಂದು ಗಳಿಗೆ ಗೊಂಚಿಗನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎಣ್ಣೆ ಚಿಮ್ಮಲಿ ಎಂದು ತಾನು ಬುದ್ಧದೇವನನ್ನೇ ಬೇಡಿಕೊಂಡಿದ್ದೆನಲ್ಲ! ಆದರೆ ನಲವತ್ತೆಂಟು ದಿನ ಸಾಕಿದ ಅನುಮಾನ ಅಷ್ಟು ಸುಲಭವಾಗಿ ಮನೆ ಬಿಡುವುದಿಲ್ಲ.

"ಶೂ ತಿರುವುಮುರುವು ಹಾಕಿದ್ದೀಯ," ಎಂದ. "ಇಲ್ಲ, ಸ್ಪ್ರಿಂಗು ಬಿಟ್ಟಿದ್ದೀಯ."

"ಡ್ರಮ್ಮು ತೆಗೆದು ನೋಡಿ."

ಚಕ್ರ ಬಿಚ್ಚಿದರು. ಶೂಗಳನ್ನು ಮುಚ್ಚಿದ್ದ ಡ್ರಮ್ಮು ಬರಲಿಲ್ಲ. ಗೊಂಚಿಗ ಸುತ್ತಿಗೆ ಎತ್ತಿ ಎರಡು ಬಿಟ್ಟ.

"ಹೊಡೀಬೇಡಿ ದೊಡ್ಡ ಮಾವ, ಈ ಚಳೀಲಿ ಒಡೆದುಹೋಗುತ್ತೆ. ಮೊದ್ಲು ಹ್ಯಾಂಡ್ ಬ್ರೇಕಿನ ತಂತಿ ಸಡಿಲ ಮಾಡ್ಬೇಕು."

ಗೊಂಚಿಗ ಸುತ್ತಿಗೆ ಇಳಿಸಿ ಅವನನ್ನೇ ನೋಡಿದ. "ಹ್ಯಾಂಡ್ ಬ್ರೇಕಿಗೂ ಚಕ್ರಕ್ಕೂ ಏನೋ ಸಂಬಂಧ? ಯಾರಿಗೆ ಕಥೆ ಹೇಳ್ತೀಯ? ನೀನು ಹುಟ್ಟೋಕೆ ಮುಂಚೆ ನಾನು ಗಾಡಿ ಕೆಳಗೆ ಮಲಗಿದೋನು."

"ರಷ್ಯದ ಗಾಡಿ ಕೆಳಗೆ," ಎಂದ ಶರಾವ ಮೆಲ್ಲಗೆ. "ಅದರಲ್ಲಿ ಹ್ಯಾಂಡ್ ಬ್ರೇಕು ನಡುವಿನ ಶಾಫ್ಟಿನ ಮೇಲೆ ಕೂತಿರುತ್ತೆ. ಚಕ್ರದ ತಂಟೆಗೇ ಹೋಗಲ್ಲ. ಇದರಲ್ಲಿ ತಂತಿ ಹಿಂದಿನ ಎರಡು ಚಕ್ರದ ಒಳಕ್ಕೇ ಹೋಗುತ್ತೆ. ತಂತಿ ಎಳೆದ್ರೆ ಶೂ ಹಿಡ್ಕೊಳ್ಳುತ್ತೆ."

ಸುಳ್ಳನ್ನು ಸುಳ್ಳು ಎಂದು ತೋರಿಸಲೆಂದೇ ಗೊಂಚಿಗ ಕಂಬಳಿ ಹಾಸಿ, ಟಾರ್ಚು ಹಿಡಿದು ಗಾಡಿಯ ಕೆಳಗೆ ತೂರಿದ. ಹ್ಯಾಂಡ್ ಬ್ರೇಕಿನ ಹಿಡಿಯಿಂದ ಹೊರಟ ತಂತಿ ಹಿಂದಕ್ಕೆ ಬಂದು ಎರಡಾಗಿ ಕವಲೊಡೆದಿತ್ತು. ಬಲಗಡೆಯ ತಂತಿ ಕ್ಲಿಪ್ಪಿನಲ್ಲಿ ನೆಟ್ಟಗೆ ಕುಳಿತು ಚಕ್ರದೊಳಗೆ ಹೋಗಿತ್ತು. ಎಡಗಡೆಯ ಕ್ಲಿಪ್ಪು ಮುರಿದಿತ್ತು. ಆ ತಂತಿಯನ್ನು ಯಾರೋ ಮೇಲಿನ ಅಡ್ಡಪಟ್ಟಿಗೆ ಎತ್ತಿ ಕಟ್ಟಿದ್ದರು.

ಕಟ್ಟಿದ್ದು ಹಸಿ ತೊಗಲಿನ ದಾರದಿಂದ. ಈಗ ಅದು ಹಸಿಯಾಗಿರಲಿಲ್ಲ. ಪಕ್ಕದಲ್ಲೇ ಹಾದುಹೋಗುವ ಹೊಗೆ ಕೊಳವೆಯ ಶಾಖಕ್ಕೆ ಒಣಗಿ, ಮುರುಟಿ, ಮೂಳೆಯಂತಾಗಿ, ತಂತಿಯನ್ನು ಬಿಲ್ಲಿನ ಹೆದೆಯ ಹಾಗೆ ಮೇಲಕ್ಕೆ ಎಳೆದು ಹಿಡಿದಿತ್ತು. ಕಟ್ಟಿದ ದಿನ ತಂತಿ ಸಡಿಲವಾಗಿಯೇ ಇದ್ದಿರಬೇಕು. ಅಡಿಯಲ್ಲಿ ನೇತಾಡಿ ಕಲ್ಲಿಗೆ ಸಿಕ್ಕದಿರಲಿ ಎಂದಷ್ಟೇ ಕಟ್ಟಿದ್ದು. ಗುಡಾರದ ಗೋಡೆಯ ಮರದ ಜಾಲರಿಯನ್ನು ಅಲ್ಲಿಯವರೆಲ್ಲ ಹೀಗೆಯೇ ನೆನೆದ ತೊಗಲಿನಿಂದ ಹೆಣೆಯುತ್ತಾರೆ. ಒಣಗಿದ ಮೇಲೆ ಅದು ಬಿಗಿಯುವಷ್ಟು ಬಿಗಿ ಯಾವ ಮೊಳೆಯೂ ಬಿಗಿಯುವುದಿಲ್ಲ. ಗಂಟಿನ ಮೇಲೆ ಗೊಂಚಿಗ ಬೆರಳಾಡಿಸಿದ. ಮೂರು ಸುತ್ತು, ತುದಿ ಹಿಂದಕ್ಕೆ ಮಡಿಸಿ ಒಳಗೆ ತೂರಿಸಿದ್ದು. ಅಪ್ಪ ಇಬ್ಬರು ಮಕ್ಕಳನ್ನೂ ಎದುರು ಕೂರಿಸಿಕೊಂಡು ಕಲಿಸಿದ ಗಂಟು. ಭೂಮಿಯ ಮೇಲೆ ಈಗ ಅದನ್ನು ಹಾಕಬಲ್ಲವನು ತಾನೊಬ್ಬನೇ ಉಳಿದಿದ್ದ.

ಬಹಳ ಹೊತ್ತು ಅವನು ಕೆಳಗೇ ಮಲಗಿದ್ದ.

"ದೊಡ್ಡ ಮಾವ? ಚಳಿ ಹಿಡಿಯುತ್ತೆ."

ಗೊಂಚಿಗ ಚಾಕು ತೆಗೆದು ತೊಗಲನ್ನು ಕೊಯ್ದ. ತಂತಿ ಟಣ್ ಎಂದು ಕೆಳಗೆ ಬಿತ್ತು. "ತಿರುಗಿಸಿ ನೋಡು," ಎಂದ ಅಲ್ಲಿಂದಲೇ. ಶರಾವ ಡ್ರಮ್ಮಿಗೆ ಕೈ ಹಚ್ಚಿದ. ಅದು ಸದ್ದಿಲ್ಲದೆ ಸುತ್ತಿತು, ಸುತ್ತುತ್ತಲೇ ಇತ್ತು.

ಹೊರಗೆ ಬಂದ ಗೊಂಚಿಗ ಹಿಮದ ಮೇಲೆಯೇ ಕುಳಿತ. ಕೈಯಲ್ಲಿ ತೊಗಲಿನ ಚೂರು. ಶರಾವ ಅದನ್ನು ನೋಡಿದ. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ನಿಂಗೆ ಗೊತ್ತಿತ್ತು," ಎಂದ ಗೊಂಚಿಗ.

"ಗೊತ್ತಿರ್ಲಿಲ್ಲ. ಅನುಮಾನ ಇತ್ತು. ಶೂ ಹಾಕೋವಾಗ ಕ್ಲಿಪ್ಪು ಮುರಿದಿದ್ದು ಕಂಡೆ. ಪಟ್ಟಣದಿಂದ ತರಿಸ್ತೀನಿ, ಮೂರು ದಿನ ಬಿಟ್ಟು ಬನ್ನಿ ಮಾವ, ಅಲ್ಲೀವರೆಗೂ ಓಡಿಸ್ಬೇಡಿ ಅಂದೆ. 'ಒಂದು ತಂತಿಗೆ ಮೂರು ದಿನಾನಾ, ಹೋಗೋ' ಅಂತ ನಕ್ಕೊಂಡು ಹೋದ್ರು. ಮತ್ತೆ ಬರ್ಲಿಲ್ಲ."

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತೋ ನಿಂಗೆ? ಊರೆಲ್ಲ ಉಗಿದ್ರೂ ಸುಮ್ನಿದ್ದೆಯಲ್ಲ!"

"ಹೋದೋರ ತಪ್ಪನ್ನ ನಲವತ್ತೊಂಬತ್ತು ದಿನದೊಳಗೆ ಆಡಬಾರ್ದು ಅಂತ ನೀವೇ ಅಲ್ವಾ ನನ್ನ ಮದುವೇಲಿ ಕೂರಿಸ್ಕೊಂಡು ಬುದ್ಧಿ ಹೇಳಿದ್ದು? ಗಾಡಿ ಶೆಡ್ಡಿಗೆ ತಗೊಂಡು ಹೋಗಿ ಸದ್ದಿಲ್ದೆ ಸರಿಮಾಡ್ಬಿಡೋಣ ಅಂದ್ಕೊಂಡೆ. ನೀವು ಕೀಲಿ ಎದೇಲಿ ಇಟ್ಕೊಂಡ್ರಿ."

ಅಷ್ಟರಲ್ಲಿ ಚಹಾದ ಕೆಟಲು ಹಿಡಿದು ಪಗ್ಮಾ ಬಂದಳು, ಹಿಂದೆ ನೊರ್ಜಿಮಾ. ಗೊಂಚಿಗ ತೊಗಲನ್ನು ನಿಲುವಂಗಿಯ ತೋಳಿನೊಳಗೆ ಎಳೆದುಕೊಳ್ಳುವ ಮೊದಲೇ ಪಗ್ಮಾಳ ಕಣ್ಣು ಅದರ ಮೇಲೆ ಬಿತ್ತು.

"ಅದು ನಮ್ಮ ಕೆಂಪು ಎತ್ತಿನ ತೊಗಲು," ಎಂದಳು. "ಚಳಿಗಾಲದ ಮಾಂಸಕ್ಕೆ ಕಡಿದಾಗ ಒಂದು ಪಟ್ಟಿ ಕೊಯ್ದು ಕೊಡು ಅಂದಿದ್ರು." ಮತ್ತೆ, ದನಿ ಇಳಿಸಿ, "ಭಾವ, ಅವರೇ ಕಟ್ಟಿದ್ದಾ?"

ಶರಾವ ತಟಕ್ಕನೆ ಬಾಯಿ ಹಾಕಿದ. "ಕ್ಲಿಪ್ಪು ತರೋದು ನಾನು ತಡ ಮಾಡ್ದೆ ಅತ್ತೆ. ನನ್ನದೇ ತಪ್ಪು."

ಗೊಂಚಿಗನಿಗೆ ತಪ್ಪಿಸಿಕೊಳ್ಳಲು ಅದು ಒಳ್ಳೆಯ ಬಾಗಿಲಾಗಿತ್ತು. ಸುಮ್ಮನಿದ್ದರೆ ಸಾಕು. ತಮ್ಮನ ಮೇಲೆ ಮಾತು ಬರುವುದಿಲ್ಲ. ತಾನು ಊರಿಗೆಲ್ಲ ಹೇಳಿದ್ದೂ ಅರ್ಧ ನಿಜವಾಗಿ ಉಳಿಯುತ್ತದೆ. ನಾದಿನಿಯ ಕಣ್ಣಲ್ಲಿ ನೀರೂ ಬರುವುದಿಲ್ಲ. ಹೋದವನ ತಪ್ಪಾಡಿದರೆ ಅದು ಪಾಪ, ಇದ್ದವನ ಮೇಲೆ ಸುಳ್ಳು ಹೊರಿಸಿದರೆ ಅದೂ ಪಾಪ. ಅವನು ಎದ್ದು ನಿಂತು ಮೊಣಕಾಲಿನ ಹಿಮ ಒರೆಸಿಕೊಂಡ.

"ನೀನು ಸುಮ್ನಿರೋ," ಎಂದ ಶರಾವನಿಗೆ. "ಇಷ್ಟು ದಿನ ಸುಮ್ನಿದ್ದು, ಈಗ ಮಾತಾಡೋಕೆ ಬಂದ್ಯಾ?" ನಾದಿನಿಯ ಕಡೆ ತಿರುಗಿದ. "ಕೇಳಮ್ಮ. ಗಾಡಿ ಬಿಚ್ಚೋದು ಕಟ್ಟೋದು ನನ್ನ ತಮ್ಮನಿಗೆ ಕಲಿಸಿದೋನು ನಾನು. ಹ್ಯಾಂಡ್ ಬ್ರೇಕಿಗೂ ಚಕ್ರಕ್ಕೂ ಸಂಬಂಧ ಇಲ್ಲ ಅಂತ ಹೇಳ್ಕೊಟ್ಟೋನೂ ನಾನೇ. ಡಿಪೋ ಗಾಡೀಲಿ ಅದು ನಿಜ. ಇದರಲ್ಲಿ ಸುಳ್ಳು. ಅದು ನಂಗೇ ಗೊತ್ತಿರಲಿಲ್ಲ, ಈಗೊಂದು ಗಳಿಗೆ ಮುಂಚೆ ಈ ಹುಡುಗನ ಜೊತೆ ಅದಕ್ಕೇ ಜಗಳ ಆಡ್ದೆ. ತಂತಿ ನೇತಾಡೋದು ಕಂಡಿದ್ರೆ ನಾನೂ ಹೀಗೇ ಕಟ್ತಿದ್ದೆ. ಇದೇ ತೊಗಲಲ್ಲಿ. ಇದೇ ಗಂಟು ಹಾಕಿ. ತಪ್ಪು ಹುಡುಕ್ತಾ ಹೊರಟ್ರೆ ಅದು ನನ್ನ ಹತ್ರ ಬಂದು ನಿಲ್ಲುತ್ತೆ."

ಪಗ್ಮಾ ಬಟ್ಟಲಿಗೆ ಚಹಾ ಹುಯ್ದಳು. ಮೊದಲು ಭಾವನಿಗೆ ಕೊಟ್ಟಳು, ಆಮೇಲೆ ಅಳಿಯನಿಗೆ. ಕಣ್ಣು ತುಂಬಲಿಲ್ಲ, ತುಂಬಗೊಡಲಿಲ್ಲ.

"ಊರಿಗೆ ಯಾರು ಹೇಳ್ತಾರೆ?" ಎಂದಳು ನೊರ್ಜಿಮಾ. ಅವಳ ದನಿ ಇನ್ನೂ ಇಳಿದಿರಲಿಲ್ಲ.

"ನಾನೇ," ಎಂದ ಗೊಂಚಿಗ. "ಹಂಚಿದೋನೇ ವಾಪಸು ಬೇಡಬೇಕು."

ಮರುದಿನ ಗುಡಾರ ಹಿಡಿಸದಷ್ಟು ಜನ ಬಂದರು. ಲಾಮಾ ಪೋಥಿ ಬಿಚ್ಚುವ ಮೊದಲು ಗೊಂಚಿಗ ಎದ್ದು ನಿಂತ. ನೆರೆದವರಲ್ಲಿ ಅರ್ಧದಷ್ಟು ಮಂದಿ ಅವನ ಬಾಯಿಂದಲೇ ಶರಾವನ ವಿಷಯ ಕೇಳಿದವರು.

"ಈ ಅಳಿಯನ ಕೆಲಸದ ಮೇಲೆ ನಾನು ಆಡಿದ ಮಾತು ಸುಳ್ಳು. ನಿನ್ನೆ ಚಕ್ರ ಬಿಚ್ಚಿ ನೋಡಿದೆ. ಅವನು ಹಾಕಿದ್ದೆಲ್ಲ ಸರಿಯಾಗಿದೆ. ನೋಡದೆ ಮಾತಾಡಿದೆ. ವಯಸ್ಸಾಗಿದೆ, ಬುದ್ಧಿ ಬಂದಿಲ್ಲ. ನಾಳೆ ನನ್ನ ಸ್ವಂತ ಗಾಡಿ ಅವನ ಶೆಡ್ಡಿಗೇ ಹೋಗುತ್ತೆ. ನಿಮ್ಮ ಗಾಡೀನೂ ಕಳಿಸಿ."

ಮುದುಕನೊಬ್ಬ ಹಿಂದಿನಿಂದ ಕೇಳಿದ. "ಮತ್ತೆ ಚಕ್ರ ಯಾಕೆ ಕಾಯ್ತು ಗೊಂಚಿಗಣ್ಣ?"

"ರಷ್ಯದ ಗಾಡಿಯ ಪಾಠವನ್ನ ಜಪಾನಿ ಗಾಡಿಗೆ ಹೇಳಿಕೊಟ್ಟೆ. ಅದಕ್ಕೆ."

ಮುದುಕ ಇನ್ನೇನೋ ಕೇಳಲು ಬಾಯಿ ತೆರೆದ. ಪಕ್ಕದವನು ಮೊಣಕೈಯಲ್ಲಿ ತಿವಿದ. ಲಾಮಾ ಗೊಂಚಿಗನನ್ನು ನೋಡಿ, ಪೋಥಿಯ ಗಂಟು ಬಿಚ್ಚಿದ.

ಗೊಂಚಿಗ ಶರಾವನ ತೋಳು ಹಿಡಿದು ದೇವರ ಮುಂದಕ್ಕೆ ಕರೆದುಕೊಂಡು ಹೋದ. "ಹಚ್ಚು ಮಗನೇ," ಎಂದ. ಮೇಸ್ತ್ರಿಯ ಕಪ್ಪು ಹಿಡಿದ ಬೆರಳುಗಳು ಬೆಣ್ಣೆ ದೀಪದ ಬತ್ತಿಗೆ ಬೆಂಕಿ ತಾಗಿಸಿದವು. ಬತ್ತಿ ಒಂದು ಸಲ ಚಟಪಟ ಎಂದು ಆಮೇಲೆ ನೆಟ್ಟಗೆ ಉರಿಯಿತು. ಅಳಿಯನ ಪಕ್ಕದಲ್ಲಿ ಗೊಂಚಿಗ ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಬೇಡಿಕೊಂಡ:

ಕರುಣಾಳು ದೇವರೇ, ನನ್ನ ತಮ್ಮ ದಾರಿಯಲ್ಲಿದ್ದಾನೆ. ಇಷ್ಟು ದಿನ ಅವನ ನೆಪದಲ್ಲಿ ನಾನು ಸಾಕಿದ ಕಹಿ ಅವನಿಗೆ ಅಂಟದಿರಲಿ. ಅದು ನನ್ನದು, ನಾನೇ ಉಣ್ಣುತ್ತೇನೆ. ಅವನಿಗೆ ಹಿಂದೆ ತಿರುಗಿ ನೋಡುವಂಥ ಚಿಂತೆ ಯಾವುದೂ ಉಳಿಯದಿರಲಿ. ಭಾರವೆಲ್ಲ ಇಳಿಯಲಿ. ಎಲ್ಲಿ ಹುಟ್ಟಿದರೂ ಒಳ್ಳೆಯವರ ಮಡಿಲಲ್ಲಿ ಹುಟ್ಟಲಿ. ಹುಟ್ಟುವವರೆಗೆ ಬೆಚ್ಚಗಿರಲಿ, ನಿನ್ನ ನೆರಳಲ್ಲಿ ನೆಮ್ಮದಿಯಾಗಿರಲಿ. ಓಂ ಮಣಿ ಪದ್ಮೇ ಹುಂ.